ಎರಡು ಸಲ ಜಾಲಿಸಿದ ಬಾಟಲಿ

ನನಗೆ ತಾಳ್ಮೆ ಕಡಿಮೆ. ಹಾಲು ಉಕ್ಕುವ ತನಕ ಒಲೆ ಮುಂದೆ ನಿಲ್ಲಲಾರೆ, ಬಸ್ಸು ಬರುವ ತನಕ ನಿಲ್ದಾಣದಲ್ಲಿ ಕೂರಲಾರೆ. ಅಂಥವಳು ಹತ್ತೊಂಬತ್ತು ವರ್ಷದಿಂದ ನೀರು ಸರಬರಾಜು ಕಚೇರಿಯ ಲ್ಯಾಬಿನಲ್ಲಿ, ನೀರಿನ ಬಣ್ಣ ಬದಲಾಗುವುದನ್ನೇ ಕಾಯುವ ಕೆಲಸದಲ್ಲಿದ್ದೇನೆ. ಬಾಟಲಿ ತೊಳೆ, ನೀರು ತುಂಬು, ಔಷಧಿ ಹಾಕು, ಕಾಯಿ, ನಂಬರು ಬರೆ. ನಮ್ಮಣ್ಣ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ: "ಮನೇಲಿ ಒಬ್ಬಳು ವಿಜ್ಞಾನ ಓದಿದ್ಳು, ಈಗ ಆಫೀಸಿನ ಬಾಟಲಿ ತೊಳೀತಾಳೆ."

ಅಣ್ಣನದು ಲಾಂಡ್ರಿ. ಹೋಟೆಲಿನ ಹೊದಿಕೆ, ಆಸ್ಪತ್ರೆಯ ಕೋಟು, ಊರಿನ ಅರ್ಧ ಜನರ ಅಂಗಿ ಅವನ ಯಂತ್ರದಲ್ಲಿ ಸುತ್ತುತ್ತವೆ. ಊರವರ ಕೊಳೆ ತೊಳೆದು ಬದುಕುವವನು ನನ್ನ ಬಾಟಲಿಯನ್ನು ಆಡಿಕೊಳ್ಳುವುದು ಯಾವ ನ್ಯಾಯವೋ. ಅವನಿಗೆ ಒಬ್ಬಳೇ ಮಗಳು, ಹದಿನಾರು ವರ್ಷ. ಚಿಕ್ಕವಳಿದ್ದಾಗ ಬಟ್ಟೆಯಿಂದ ಕಿತ್ತುಬಂದ ಗುಂಡಿಗಳನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟು, ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಇನ್ನೊಂದು ಕಡೆ ಎಂದು ವಿಂಗಡಿಸುತ್ತಿದ್ದಳು. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಗುಂಡಿ. ನಾನು ಅವಳ ಅತ್ತೆ.

ಅವಳ ಶಾಲೆಯ ಹೆಡ್‌ಮಿಸ್ ಒಂದು ದಿನ ನನ್ನ ಲ್ಯಾಬಿಗೆ ಬಂದರು. "ಹೋದ ವರ್ಷ ವಿಜ್ಞಾನ ತಗೊಂಡ ಹುಡುಗಿಯರು ಎಷ್ಟು ಜನ ಗೊತ್ತಾ? ಮೂರು. ನಾನು ಭಾಷಣ ಮಾಡಿ ಮಾಡಿ ಗಂಟಲು ಒಣಗಿತು. ನೀವು ಏನಾದ್ರೂ ಕೈಗೆ ಕೊಡಿ," ಅಂದರು. ಶಾಲೆಯ ಹಿಂದೆ ಹರಿಯುವ ಹಳ್ಳ ಆಗಲೇ ಹಸಿರು ಪಾಚಿ ಕಟ್ಟಿ ನಾರುತ್ತಿತ್ತು. ಶನಿವಾರ ಶನಿವಾರ ಹುಡುಗಿಯರು ಅದರ ದಡ ಗುಡಿಸುವುದು, ಪ್ಲಾಸ್ಟಿಕ್ ಎತ್ತುವುದು, ಆಮೇಲೆ ನೀರು ಪರೀಕ್ಷೆ ಮಾಡಿ ಕೊಳಕು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದು ಎಂದು ಮಾತಾಯಿತು. ಹತ್ತು ಜನ ಬಂದರು. ಗುಂಡಿ ಮೊದಲನೆಯವಳು.

ಹಳ್ಳದ ಉದ್ದಕ್ಕೆ ಐದು ಜಾಗ ಗುರುತು ಮಾಡಿದೆ. ಒಂದನೆಯದು ಸೇತುವೆ, ಎರಡನೆಯದು ಶಾಲೆಯ ಹಿಂಭಾಗ. ಮೂರನೆಯದು ಕಾರು, ಬೈಕು ತೊಳೆಯುವ ಶೆಡ್ಡಿನ ಕೆಳಗೆ, ನಾಲ್ಕನೆಯದು ಅದರ ಮುಂದಿನ ಓಣಿಯ ಕೊನೆಗೆ, ಐದನೆಯದು ಊರು ಮುಗಿಯುವಲ್ಲಿ. ಒಂದೊಂದು ಜಾಗ ಇಬ್ಬಿಬ್ಬರಿಗೆ. ಹುಡುಕುತ್ತಿದ್ದುದು ಫಾಸ್ಫೇಟನ್ನು. ಸೋಪಿನ ಪೌಡರಿನಲ್ಲಿ ಇರುವ ವಸ್ತು ಅದು. ನೀರಿಗೆ ಸೇರಿದರೆ ಪಾಚಿಗೆ ಹಬ್ಬ, ಮೀನಿಗೆ ಸಾವು. ನೀರಿಗೆ ಎರಡು ಔಷಧಿ ಹಾಕಿ ಹತ್ತು ನಿಮಿಷ ಕಾದರೆ ಫಾಸ್ಫೇಟ್ ಇದ್ದಷ್ಟೂ ನೀಲಿಯಾಗುತ್ತದೆ. ಆ ನೀಲಿಯನ್ನು, ತಿಳಿನೀಲಿಯಿಂದ ಕಡುನೀಲಿಯವರೆಗೆ ನಂಬರು ಹಾಕಿದ ಒಂದು ಬಣ್ಣದ ಕಾರ್ಡಿನ ಪಕ್ಕ ಹಿಡಿದು ನಂಬರು ಓದಬೇಕು, ಅಷ್ಟೇ.

"ಬಾಟಲಿ ಚೆನ್ನಾಗಿ ತೊಳ್ಕೊಂಡು ಬನ್ನಿ," ಅಂದೆ ನಾನು. ಚೆನ್ನಾಗಿ ಅಂದರೆ ಹೇಗೆ ಎಂದು ಹೇಳಲಿಲ್ಲ. ಲ್ಯಾಬಿನಲ್ಲಿರುವವರಿಗೆ ಅದು ಉಸಿರಾಡುವಷ್ಟು ಸಹಜವಾದ ವಿಷಯ, ಹೇಳಬೇಕು ಎಂದು ಹೊಳೆಯುವುದೇ ಇಲ್ಲ.

ಮೂರು ಶನಿವಾರ ಮಾಡಿದೆವು. ಒಂದು, ಎರಡರಲ್ಲಿ ನೀಲಿ ಇತ್ತೋ ಇಲ್ಲವೋ ಅನ್ನುವಷ್ಟು, ಕಾರ್ಡಿನಲ್ಲಿ ಅರ್ಧ. ಗುಂಡಿಯ ಪಾಲಿನ ಮೂರನೇ ಜಾಗದಲ್ಲಿ ಬಾಟಲಿ ಶಾಯಿ ಕುಡಿದ ಹಾಗೆ ಕಡುನೀಲಿ. ನಾಲ್ಕು. ಮೂರು ವಾರವೂ ನಾಲ್ಕು. ನಾಲ್ಕನೇ ಜಾಗದಲ್ಲಿ ಒಂದೂವರೆ, ಐದರಲ್ಲಿ ಒಂದು. "ಅದು ಮೇಲಿಂದ ತೇಲಿಬಂದಿರೋದು," ಎಂದು ನಾನೇ ತೀರ್ಪು ಕೊಟ್ಟೆ. ಅನುಭವಸ್ಥಳಲ್ಲವೇ.

ಹುಡುಗಿಯರು ವರದಿ ಬರೆದು ನಗರಸಭೆಗೆ ಕೊಟ್ಟರು. ಅಲ್ಲಿನ ಎಂಜಿನಿಯರ್ ಕಾರು ತೊಳೆಯುವ ಶೆಡ್ಡಿಗೆ ಹೋಗಿ, ಪೈಪು ಸರಿಮಾಡುವ ತನಕ ಕೆಲಸ ನಿಲ್ಲಿಸು ಎಂದು ನೋಟಿಸು ಅಂಟಿಸಿದ. ಮಾರನೇ ದಿನ ಶಾಲೆಗೆ ಬಂದು ಪ್ರಾರ್ಥನೆಯ ಹೊತ್ತಿಗೆ ಗುಂಡಿಯನ್ನು ಮುಂದೆ ಕರೆದು ಹೊಗಳಿದ. ಐದು ಹುಡುಗಿಯರು ಆವತ್ತೇ ವಿಜ್ಞಾನ ತಗೊಳ್ತೀವಿ ಎಂದು ಹೆಡ್‌ಮಿಸ್ ಹತ್ತಿರ ಹೇಳಿದರಂತೆ. ಆ ಹೆಂಗಸು ನನಗೆ ಫೋನು ಮಾಡಿ ಐದೂ ಹೆಸರನ್ನು ಎರಡೆರಡು ಸಲ ಓದಿ ಹೇಳಿದರು.

ನನಗೆ ಬೇಕಿದ್ದದ್ದು ಒಂದೇ ಸಹಿ. ಮುಂದೆ ಯಾವ ವಿಷಯ ಓದಬೇಕು ಎನ್ನುವ ಫಾರಂ ಶನಿವಾರ ಸಂಜೆ ನಾಲ್ಕರೊಳಗೆ ಶಾಲೆಗೆ ಕೊಡಬೇಕಿತ್ತು, ತಂದೆಯ ಸಹಿಯೊಂದಿಗೆ. ಅಣ್ಣ ಎರಡು ತಿಂಗಳಿಂದ ಅದನ್ನು ಇಸ್ತ್ರಿ ಮೇಜಿನ ಡ್ರಾಯರಿನಲ್ಲಿ ಹಾಕಿಟ್ಟು ಕೂತಿದ್ದ. ಮಗಳು ವಾಣಿಜ್ಯ ಓದಿ ಅಂಗಡಿಯ ಗಲ್ಲಾದಲ್ಲಿ ಕೂರಲಿ ಎಂಬುದು ಅವನ ಆಸೆ. "ಹಳ್ಳ ಗುಡಿಸೋಕೆ ವಿಜ್ಞಾನ ಬೇಕಾ? ಪೊರಕೆ ಸಾಕು," ಅನ್ನುತ್ತಿದ್ದ. ಆದರೆ ಎಂಜಿನಿಯರ್ ಹೊಗಳಿದ ಮೇಲೆ ಅವನ ಮೀಸೆ ತಾನಾಗಿಯೇ ಮೇಲೆ ಹೋಯಿತು. ಬಂದ ಗಿರಾಕಿಗೆಲ್ಲ, ಕೇಳಲಿ ಬಿಡಲಿ, "ನಮ್ಮ ಹುಡುಗಿ ಕಂಡುಹಿಡಿದಿದ್ದು," ಎಂದು ಶುರುಮಾಡಿದ. ಬುಧವಾರ ನನಗೇ ಹೇಳಿದ, "ಆಯ್ತು ಕಣೇ, ಶನಿವಾರ ಬೆಳಿಗ್ಗೆ ಹಾಕ್ತೀನಿ. ಅದಕ್ಕೆ ಮುಂಚೆ ಆ ನೀಲಿ ಆಟ ನಂಗೂ ಒಂದ್ಸಲ ತೋರಿಸಲಿ."

ಗುರುವಾರ ಸಂಜೆ ನಾನು ಲ್ಯಾಬಿಗೆ ಬೀಗ ಹಾಕುತ್ತಿದ್ದಾಗ ಗುಂಡಿ ಬಂದಳು. ಓಡಿಬಂದಿದ್ದಳು. ಚೀಲದಿಂದ ತನ್ನ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ನೀಲಿ.

"ಅತ್ತೆ, ಇದು ಹಳ್ಳದ ನೀರಲ್ಲ."

"ಮತ್ತೆ?"

"ನೀವು ಕೊಟ್ಟಿದ್ದ ಡಿಸ್ಟಿಲ್ಡ್ ವಾಟರ್. ಅಪ್ಪನಿಗೆ ತೋರಿಸೋಣ ಅಂತ, ಮೊದಲು ಶುದ್ಧ ನೀರಲ್ಲಿ ಬಣ್ಣ ಬರಲ್ಲ, ಆಮೇಲೆ ಹಳ್ಳದ ನೀರಲ್ಲಿ ಬರುತ್ತೆ ಅಂತ ಮಾಡೋಕೆ ಹೋದೆ. ಶುದ್ಧ ನೀರಲ್ಲೇ ಬಂತು."

ನಾನು ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. "ಬಾಟಲಿ ಹೇಗೆ ತೊಳೀತೀಯ ನೀನು?"

"ಚೆನ್ನಾಗೇ ತೊಳೀತೀನಿ. ಲಾಂಡ್ರಿ ಪೌಡರಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಉಜ್ಜಿ, ಎರಡು ಸಲ ಜಾಲಿಸ್ತೀನಿ. ಪ್ರತಿ ವಾರ."

ಉಳಿದ ನಾಲ್ಕು ಜಾಗದ ಹುಡುಗಿಯರು ನಲ್ಲಿ ಕೆಳಗೆ ಬಾಟಲಿ ಹಿಡಿದು ಅಲ್ಲಾಡಿಸಿ ತಂದಿದ್ದರು. ಗುಂಡಿಯ ಜೊತೆಯವಳು ತೊಳೆಯುವುದನ್ನು ಇವಳಿಗೇ ಬಿಟ್ಟಿದ್ದಳು. ಸೋಮಾರಿಗಳ ಬಾಟಲಿ ಸರಿಯಿತ್ತು, ಲಾಂಡ್ರಿಯವನ ಮಗಳ ಫಳಫಳ ಹೊಳೆಯುವ ಬಾಟಲಿಯಲ್ಲಿ ಸೋಪು ಕೂತಿತ್ತು. ಮೂರು ವಾರ ನಾವು ಅಳೆದದ್ದು ಹಳ್ಳವನ್ನಲ್ಲ, ಅವಳ ಶಿಸ್ತನ್ನು. ಫಾಸ್ಫೇಟ್ ನೋಡುವ ಬಾಟಲಿಗೆ ಸೋಪು ಮುಟ್ಟಿಸಬಾರದು ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು.

"ನಿಮ್ಮಪ್ಪ ನೋಡಿದ್ನಾ?" ಎಂದು ಕೇಳಿದೆ.

"ಇಲ್ಲ. ಗಿರಾಕಿ ಬಂದ್ರು, ಎದ್ದು ಹೋದ್ರು."

ಆಗ ನಾನು ಹೇಳಿದ ಮಾತನ್ನು ನಿಧಾನವಾಗಿ, ಒಂದಕ್ಷರ ಬಿಡದೆ ಬರೆಯುತ್ತೇನೆ. "ಶನಿವಾರದ ತನಕ ಬಾಯಿಮುಚ್ಚಿಕೊಂಡಿರು. ಸಹಿ ಆಗ್ಲಿ, ಫಾರಂ ಒಳಗೆ ಹೋಗ್ಲಿ. ಸೋಮವಾರ ನಾನೇ ಎಂಜಿನಿಯರ್ ಹತ್ರ ಹೋಗಿ ಹೇಳ್ತೀನಿ."

"ಶೆಡ್ಡಿನವರು ಕೆಲಸ ನಿಲ್ಲಿಸಿ ಎಂಟು ದಿನ ಆಯ್ತು, ಅತ್ತೆ."

"ಎಂಟು ದಿನ ಕೂತವ್ನಿಗೆ ಇನ್ನು ನಾಲ್ಕು ದಿನ ಕೂತ್ರೆ ಬೇರು ಬರಲ್ಲ."

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಅತ್ತೆ," ಎಂದು ಹೊರಟಳು. ರಾತ್ರಿ ನಾನು ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ಆದರೆ ನಾಚಿಕೆಯಿಂದಲ್ಲ, ನಿಜ ಹೇಳಬೇಕೆಂದರೆ ಭಯದಿಂದ. ನನಗೂ ಹದಿನಾರು ವರ್ಷ ಆಗಿತ್ತು, ನಾನೂ ಎರಡು ವರ್ಷದ ಡಿಪ್ಲೊಮಾಕ್ಕೆ ಸಮಾಧಾನ ಮಾಡಿಕೊಂಡು ಬಂದವಳು. ಮುಂದೆ ಓದುತ್ತೇನೆ ಅಂದಾಗ ನಮ್ಮಪ್ಪನೂ ಹೀಗೇ ಒಂದು ಕಾಗದವನ್ನು ಎಲ್ಲೋ ಇಟ್ಟು ಮರೆತಿದ್ದ. ಈ ಹುಡುಗಿಯಾದರೂ ಬಾಗಿಲು ದಾಟಲಿ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆಯೇ ಅವಳು ಕಾರು ತೊಳೆಯುವವನ ಮನೆ ಬಾಗಿಲು ತಟ್ಟಿದ್ದಳು. ಅವನು ಪೂರ್ತಿ ಕೇಳಿಸಿಕೊಂಡನಂತೆ. ಆಮೇಲೆ, "ನನಗೆ ಹೇಳಿ ಏನುಪಯೋಗ? ಯಾರ ಮುಂದೆ ನನ್ನ ಮಾನ ಹೋಯ್ತೋ ಅವರ ಮುಂದೆ ಬಂದು ಹೇಳು," ಎಂದು ನಗರಸಭೆಗೆ ಕರೆದುಕೊಂಡು ಹೋದನಂತೆ. ಎಂಜಿನಿಯರ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರ ಎದುರಿಗೆ ಇನ್ನೊಂದು ಸಲ ಪರೀಕ್ಷೆ ಮಾಡಿ, ಆಮೇಲೆ ನೋಟಿಸು ತೆಗೆಯುತ್ತೇನೆ ಅಂದನಂತೆ.

ಸಂಜೆ ಅಣ್ಣನ ಫೋನು ಬಂತು. ಸುದ್ದಿ ಅವನಿಗೆ ಗಿರಾಕಿಗಳ ಬಾಯಿಂದಲೇ ಮುಟ್ಟಿತ್ತು.

"ಎಲ್ಲಾ ನಿನ್ನಿಂದ."

"ಹೌದು ಅಣ್ಣ."

ನಾನು ಒಪ್ಪಿಕೊಂಡದ್ದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಜಗಳಕ್ಕೆ ತಯಾರಾಗಿ ಬಂದಿದ್ದವನು. "ಎಂಟು ದಿನ ಊರೆಲ್ಲಾ ಡಂಗುರ ಹೊಡೆದೆ ನಾನು. ಈಗ ಯಾವ ಮುಖ ಇಟ್ಕೊಂಡು ಗಲ್ಲಾದಲ್ಲಿ ಕೂರ್ಲಿ? ಅದೂ ಲಾಂಡ್ರಿಯವನ ಮಗಳು ಎರಡೇ ಸಲ ಜಾಲಿಸೋದಾ? ನಾನು ಕರವಸ್ತ್ರಕ್ಕೂ ಮೂರು ನೀರು ಕೊಡ್ತೀನಿ."

"ಅಣ್ಣ, ಫಾರಂ..."

ಅವನು ಫೋನು ಇಟ್ಟ.

ಶನಿವಾರ ಮಧ್ಯಾಹ್ನ ಎರಡೂವರೆಗೆ ಶೆಡ್ಡಿನ ಹತ್ತಿರ ಹಳ್ಳದ ದಡದಲ್ಲಿ ಒಂದು ಮೇಜು ಹಾಕಿದೆವು. ಬಾಟಲಿಗಳನ್ನು ಈ ಸಲ ನಾನೇ ಲ್ಯಾಬಿನಲ್ಲಿ ಆಸಿಡ್ಡಿನಿಂದ ತೊಳೆದು, ಒಂದೊಂದನ್ನೂ ಆರು ಸಲ ಜಾಲಿಸಿ ತಂದಿದ್ದೆ. ಜೊತೆಗೆ ಆರನೆಯ ಬಾಟಲಿ, ಬರೀ ಶುದ್ಧ ನೀರಿನದು. ಅದನ್ನು ಇಡಲೇಬೇಕು ಎಂದು ಹಟ ಹಿಡಿದವಳು ಗುಂಡಿ. ಹತ್ತು ಹುಡುಗಿಯರೂ ಬಂದಿದ್ದರು. ಶೆಡ್ಡಿನವನು ಕೈಕಟ್ಟಿ ನಿಂತಿದ್ದ. ಎಂಜಿನಿಯರ್ ಬರಲಿಲ್ಲ, ಕೆಳಗಿನ ಒಬ್ಬ ಗುಮಾಸ್ತನನ್ನು ಕಳಿಸಿದ್ದ. ನಾನು ಗಡಿಯಾರ ನೋಡುವುದು, ಓಣಿಯ ಕಡೆ ನೋಡುವುದು, ಮತ್ತೆ ಗಡಿಯಾರ ನೋಡುವುದು. ಶಾಲೆಗೆ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷ. ಫಾರಂ ಇನ್ನೂ ಡ್ರಾಯರಿನಲ್ಲಿತ್ತು.

ಔಷಧಿ ಹಾಕಿ ಮೂರು ಹತ್ತಕ್ಕೆ ಹೊತ್ತು ನೋಡತೊಡಗಿದೆವು. ಆಗ ಅಣ್ಣ ಬಂದ. ಇಸ್ತ್ರಿ ಮಾಡುವಾಗಿನ ಬನಿಯನ್ನಿನ ಮೇಲೆ ಒಂದು ಅಂಗಿ ಸಿಕ್ಕಿಸಿಕೊಂಡು, ಗುಂಡಿ ಹಾಕದೆ ಬಂದಿದ್ದ. ಮೇಜಿನ ಹತ್ತಿರ ಬಂದು ಬಗ್ಗಿ ನಿಂತ. ನೀಲಿ ಆಟ ನೋಡಬೇಕು ಅಂದಿದ್ದನಲ್ಲ, ನೋಡಲಿ ಅಂದುಕೊಂಡೆ.

ನಾಲ್ಕು ನಿಮಿಷ ಕಳೆಯಿತು. ಶುದ್ಧ ನೀರು ಶುದ್ಧವಾಗಿಯೇ ಇತ್ತು. ಒಂದು, ಎರಡು ಹಾಗೇ. ಮೂರನೆಯದು, ಶೆಡ್ಡಿನ ಕೆಳಗಿನದು, ಎರಡನೆಯದರ ಪಕ್ಕ ಇಟ್ಟರೆ ಯಾವುದು ಯಾವುದೋ ಗೊತ್ತಾಗದ ಹಾಗಿತ್ತು. ಶೆಡ್ಡಿನವನು ಕಟ್ಟಿದ್ದ ಕೈ ಬಿಟ್ಟ. ನಾನು ನೆಮ್ಮದಿಯಿಂದ ಉಸಿರು ಬಿಡುವಷ್ಟರಲ್ಲಿ ನಾಲ್ಕನೇ ಬಾಟಲಿ ಕಣ್ಣಿಗೆ ಬಿತ್ತು. ನೀಲಿ ಏರುತ್ತಿತ್ತು.

ನನಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ನಾಲ್ಕನೆಯದರಲ್ಲಿ ಮೊದಲಿಂದಲೂ ಒಂದೂವರೆ ಇತ್ತು. ಮೂರರ ಸುಳ್ಳು ನೀಲಿ ಅದನ್ನು ಮುಚ್ಚಿಹಾಕಿತ್ತು, ತೇಲಿಬಂದದ್ದು ಎಂದು ನಾನು ಮೊಹರು ಒತ್ತಿದ್ದೆ. ಮೇಲೆ ಏನೂ ಇಲ್ಲದ ಮೇಲೆ ತೇಲಿಬರುವುದು ಎಲ್ಲಿಂದ? ಆ ಓಣಿಯ ಕೊನೆಗೆ ಹಳ್ಳಕ್ಕೆ ಇಳಿಯುವ ಪೈಪು ಒಂದೇ. ಗುಂಡಿಯ ಮುಖ ನೋಡಿದೆ. ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

"ಇದ್ಯಾವ ಜಾಗದ್ದು?" ಅಣ್ಣ ಕೇಳಿದ.

"ನಾಲ್ಕನೇದು. ನಮ್ಮ ಓಣಿ, ಅಪ್ಪ."

"ನಮ್ಮ ಪೈಪಾ?"

"ಇನ್ನೂ ನಾಲ್ಕು ನಿಮಿಷ ಇದೆ. ಹತ್ತು ನಿಮಿಷ ಆಗೋ ತನಕ ಹೇಳೋ ಹಾಗಿಲ್ಲ."

ಅಣ್ಣ ಸೊಂಟ ನೆಟ್ಟಗೆ ಮಾಡಿದ. ಶೆಡ್ಡಿನವನ ಕಡೆ ನೋಡಿದ, ಅವನು ಪಾಪ ಬೇರೆ ಕಡೆ ನೋಡಿದ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಣ್ಣ ಯಾರಿಗೂ ಅಲ್ಲದ ಹಾಗೆ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದ. ನಡೆಯುತ್ತಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ನಾನು ಅವಳ ತೋಳು ಹಿಡಿದೆ. "ಹೋಗು, ಹಿಂದೆ ಓಡು. ಕಾಲು ಹಿಡಿ, ಅಳು, ಏನಾದ್ರೂ ಮಾಡು. ಮೂರು ಹದಿನೇಳು ಆಯ್ತು. ಉಳಿದದ್ದು ನಾನು ಓದಿ ಬರೀತೀನಿ."

"ಬೇಡ ಅತ್ತೆ."

"ಯಾಕೆ ಬೇಡ?"

"ನೀವು ಓದಿದ್ರೆ ಕಡಿಮೆ ಓದ್ತೀರ."

ತಗ್ಗಿದ ದನಿಯಲ್ಲಿ, ಮರ್ಯಾದೆಯಿಂದಲೇ ಹೇಳಿದಳು. ಹುಡುಗಿಯರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಮೇಲಧಿಕಾರಿಗಳು ನನಗೆ ಏನೇನೋ ಅಂದಿದ್ದಾರೆ, ಯಾವುದೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ಯಾಕೆಂದರೆ ಅವಳು ಹೇಳಿದ್ದು ನಿಜ. ನಾನು ಖಂಡಿತ ಕಡಿಮೆ ಓದುತ್ತಿದ್ದೆ.

ಹತ್ತು ನಿಮಿಷಕ್ಕೆ ಕಾರ್ಡು ಹಿಡಿದಳು. ಒಂದೂವರೆ. ಬರೆದಳು. ಅಷ್ಟಕ್ಕೆ ಮುಗಿಯಿತು ಅಂದುಕೊಂಡರೆ, "ಇನ್ನೊಂದು ಸಲ ಮಾಡಬೇಕು. ಹೋದ ಸಲ ಒಂದು ಬಾಟಲಿ ನಂಬಿ ಕೆಟ್ವಿ," ಎಂದು ಹೊಸ ಬಾಟಲಿ ತೆಗೆದಳು. ನಾನು ಆ ಹತ್ತು ನಿಮಿಷ ಮೇಜಿನ ಸುತ್ತ ಎಷ್ಟು ಸುತ್ತು ಹಾಕಿದೆನೋ, ದಡದ ಹುಲ್ಲು ಸವೆದಿರಬೇಕು. ಮತ್ತೆ ಒಂದೂವರೆ. ಗುಮಾಸ್ತ ಸಹಿ ಹಾಕಿದ, ಶೆಡ್ಡಿನವನು ಹಾಕಿದ, ನಾನು ಹಾಕಿದೆ. ಎಲ್ಲರ ಸಹಿಯೂ ಆಯಿತು, ಬೇಕಾದ ಒಂದು ಬಿಟ್ಟು. ಗಂಟೆ ನಾಲ್ಕಾಗಲು ಹದಿನಾಲ್ಕು ನಿಮಿಷ.

"ಅಂಗಡಿಗೆ ಹೋಗೋಣ್ವಾ, ಶಾಲೆಗೆ ಹೋಗೋಣ್ವಾ?" ಅಂದೆ. ಎರಡೂ ಬೇರೆ ಬೇರೆ ದಿಕ್ಕು. ಗುಂಡಿ ಒಂದು ಕ್ಷಣ ನಿಂತು, "ಶಾಲೆಗೆ. ಎರಡು ದಿನ ಸಮಯ ಕೊಡಿ ಅಂತ ಹೆಡ್‌ಮಿಸ್‌ನ ಕೇಳ್ತೀನಿ," ಅಂದಳು. ಹಾಗೆ ಹೇಳಿ ನನ್ನ ಕೈ ಹಿಡಿದುಕೊಂಡಳು. ಅಷ್ಟು ಹೊತ್ತು ಕಲ್ಲಿನ ಹಾಗೆ ನಿಂತಿದ್ದವಳು ಹದಿನಾರು ವರ್ಷದ ಮಗು ಎಂದು ನನಗೆ ಆಗಲೇ ನೆನಪಾದದ್ದು. ಇಬ್ಬರೂ ಓಡಿದೆವು. ಮಂಡಿನೋವು, ವಯಸ್ಸು, ಯಾವುದೂ ಅಡ್ಡ ಬರಲಿಲ್ಲ.

ಶಾಲೆಯ ಆಫೀಸಿನ ಕಿಟಕಿಯಲ್ಲಿ ಕ್ಲರ್ಕಮ್ಮ ಫಾರಂಗಳನ್ನು ದಾರದಿಂದ ಕಟ್ಟುತ್ತಿದ್ದರು. ಗುಂಡಿ ಏದುಸಿರಿನಲ್ಲಿ, "ಮೇಡಂ, ನನ್ನ ಫಾರಂ ಇನ್ನೂ..." ಅನ್ನುವಷ್ಟರಲ್ಲಿ ಅವರು ತಲೆ ಎತ್ತಿದರು.

"ನಿಂದು ಬಂತಲ್ಲಮ್ಮ. ನಿಮ್ಮಪ್ಪ ಈಗ ಹತ್ತು ನಿಮಿಷದ ಕೆಳಗೆ ಕೊಟ್ಟು ಹೋದ್ರು."

ಗುಂಡಿ ಕಿಟಕಿಯ ಕಂಬಿ ಹಿಡಿದುಕೊಂಡಳು. "ಏನಂತ ಬರೆದಿದ್ದಾರೆ?"

"ಮೊದಲು ಏನೂ ಬರೆದಿರ್ಲಿಲ್ಲ. ಬರೀ ಸಹಿ. ಬಂದು ನನ್ನನ್ನೇ ಕೇಳಿದ್ರು, ನೀರಿಗೆ ಬಿಟ್ಟ ಸೋಪನ್ನ ವಾಪಸ್ ತೆಗೆಯೋದು ಯಾವ ವಿಷಯದಲ್ಲಿ ಹೇಳಿಕೊಡ್ತಾರೆ ಅಂತ. ರಸಾಯನಶಾಸ್ತ್ರ ಇರಬೇಕು, ಅದಕ್ಕೆ ವಿಜ್ಞಾನ ತಗೋಬೇಕು ಅಂದೆ. ಹಾಗಾದ್ರೆ ಅದೇ ಬರ್ಕೊಳ್ಳಿ ಅಂದ್ರು."

"ಬೈತಾ ಇದ್ರಾ?"

"ಬೈತಾನೇ ಇದ್ರು. ನಿನ್ನನ್ನಲ್ಲ." ಕ್ಲರ್ಕಮ್ಮ ನನ್ನ ಕಡೆ ನೋಡಿ ನಗು ತಡೆದುಕೊಂಡರು. "ಇಷ್ಟು ವರ್ಷ ಲ್ಯಾಬಲ್ಲಿದ್ದು ಮಗೂಗೆ ಒಂದು ಬಾಟಲಿ ತೊಳೆಯೋದು ಹೇಳಿಕೊಡ್ಲಿಲ್ಲ ನಮ್ಮ ತಂಗಿ ಅಂತ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಣ್ಣನ ಬೈಗುಳ ಜೀವನದಲ್ಲಿ ಮೊದಲ ಸಲ ಹಿತವಾಗಿ ಕೇಳಿಸಿತು. ಗುಂಡಿ ನನ್ನ ಪಕ್ಕ ಕೂತು, ತನ್ನ ಕಣ್ಣು ಒರೆಸಿಕೊಂಡು, ಚೀಲದಿಂದ ಬಿಳಿ ಹಾಳೆ ತೆಗೆದಳು. ಸೋಮವಾರ ನಗರಸಭೆಗೆ ಕೊಡುವ ಹೊಸ ವರದಿ. ಮೊದಲ ಸಾಲು: ಹಿಂದಿನ ಮೂರು ವಾರದ ಮೂರನೇ ಜಾಗದ ನಂಬರು ತಪ್ಪು, ಬಾಟಲಿಯನ್ನು ಸೋಪಿನಲ್ಲಿ ತೊಳೆದವಳು ನಾನು. ಎರಡನೆಯದು: ನಾಲ್ಕನೇ ಜಾಗದಲ್ಲಿ ಫಾಸ್ಫೇಟ್ ಹೆಚ್ಚಿದೆ, ಅಲ್ಲಿರುವ ಪೈಪು ನಮ್ಮ ಲಾಂಡ್ರಿಯದು. ನಾನು ಅವಳ ಭುಜದ ಮೇಲಿಂದ ಓದುತ್ತಾ ಮೂರನೇ ಸಾಲಿಗೆ ಕಾದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಗುರುವಾರ ಸಂಜೆ ಲ್ಯಾಬಿನಲ್ಲಿ ನಾನು ಹೇಳಿದ ಮಾತನ್ನು ಅವಳು ವರದಿಯಲ್ಲಿ ಬರೆಯಲಿಲ್ಲ, ಅಪ್ಪನಿಗೆ ಹೇಳಲಿಲ್ಲ, ಈವರೆಗೆ ಯಾರ ಮುಂದೆಯೂ ಎತ್ತಿಲ್ಲ. ತನ್ನ ತಪ್ಪನ್ನು ಬರೆದಳು, ತನ್ನ ಮನೆಯದನ್ನು ಬರೆದಳು, ನನ್ನದನ್ನು ನನಗೇ ಬಿಟ್ಟಳು. ಅದಕ್ಕೇ ನಾನು ಇದನ್ನು ಬರೆಯಬೇಕಾಯಿತು.